ಗಾಲಿಯ ಮೇಲಿನ ಮಡಿ

ನನ್ನ ಎಡಗೈ ಹೆಬ್ಬೆರಳಿನ ಉಗುರು ಸ್ವಲ್ಪ ಸೊಟ್ಟಗಿದೆ. ಹುಟ್ಟಿನಿಂದ ಬಂದದ್ದಲ್ಲ, ಸ್ವಂತ ಸಂಪಾದನೆ. ಯಾರ ಮನೆಗಾದರೂ ಹೋದರೆ ಚಹಾದ ಬಟ್ಟಲನ್ನು ಬೇಕೆಂದೇ ಎಡಗೈಯಲ್ಲಿ ಹಿಡಿದು, ಆ ಉಗುರು ಎದುರಿಗೆ ಕೂತವರಿಗೆ ಕಾಣುವ ಹಾಗೆ ತಿರುಗಿಸಿಕೊಳ್ಳುತ್ತೇನೆ. ಹತ್ತು ಜನರಲ್ಲಿ ಒಬ್ಬರಾದರೂ "ಅದೇನ್ರಿ, ಬೆರಳಿಗೆ ಏನಾತು?" ಎಂದು ಕೇಳುತ್ತಾರೆ. "ಏನಿಲ್ರಿ, ಸುತ್ತಿಗೆ ಬಿತ್ತು" ಎಂದು ಮೊದಲು ಸಂಕೋಚ ತೋರಿಸಿ, ಆಮೇಲೆ ಒಂದು ತಾಸು ಅವರನ್ನು ಏಳಗೊಡುವುದಿಲ್ಲ. ನೀವಾಗಿ ಕೇಳಲಿಲ್ಲ, ನಿಜ. ಆದರೆ ಓದಲು ಕೂತುಬಿಟ್ಟಿದ್ದೀರಿ.

ಪುಣೆಯ ಒಂದು ಸರಕಾರಿ ಕಚೇರಿಯಲ್ಲಿ ನಾನು ನಕಾಶೆ ತೆಗೆಯುವವ. ತೆಗೆಯುವವ ಎಂದರೂ ಹೆಚ್ಚಾಯಿತು. ಇಂಜಿನಿಯರ ಸಾಹೇಬರು ತೆಗೆದ ನಕಾಶೆಯ ಮೇಲೆ ತೆಳು ಬಟ್ಟೆ ಹಾಸಿ, ಅವರ ಗೆರೆಯ ಮೇಲೆ ನನ್ನ ಗೆರೆ ಎಳೆಯುವುದು ನನ್ನ ಉದ್ಯೋಗ. ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟೋ ಸೇತುವೆಗಳೂ ಕಾಲುವೆಗಳೂ ನನ್ನ ಕೈಕೆಳಗೆ ಹಾದುಹೋದವು. ಒಂದು ಗೆರೆಯೂ ಕೂದಲೆಳೆಯಷ್ಟು ಅತ್ತಿತ್ತ ಆಗಲಿಲ್ಲ. ಆದರೆ ಮನೆಯಲ್ಲಿ ಪಂಚಾಂಗ ತೂಗುಹಾಕಲು ಒಂದು ಮೊಳೆ ಬೇಕಾದರೆ ಬಡಿಗನನ್ನೇ ಕರೆಯುತ್ತಿದ್ದೆವು. ಅವನು ಒಂದೇ ಏಟಿಗೆ ಮೊಳೆ ಹೊಡೆದು ನನ್ನ ಮುಖ ನೋಡಿ ನಗುತ್ತಿದ್ದ. ಆ ನಗು ನನಗೆ ಬಹಳ ದಿನ ಚುಚ್ಚಿದೆ.

ಇನ್ನು ನಮ್ಮ ಅವ್ವನ ವಿಷಯ. ಧಾರವಾಡ ಬಿಟ್ಟು ನನ್ನ ಜೊತೆ ಇರಲು ಪುಣೆಗೆ ಬಂದು ಹನ್ನೊಂದು ವರ್ಷವಾದರೂ ಅವಳ ಮಡಿ ಒಂದು ಎಳೆಯೂ ಸಡಿಲಾಗಿರಲಿಲ್ಲ. ಅವಳ ಒಬ್ಬಳೇ ತಂಗಿ, ನಮ್ಮ ಮೌಶಿ, ವಾಯಿ ಎಂಬ ಊರಿಗೆ ಕೊಟ್ಟವಳು. ವಾಯಿಗೆ ರೈಲಿಲ್ಲ. ಮೋಟಾರು ಬಸ್ಸಿದೆ, ಆದರೆ ಪೆಟ್ರೋಲಿನ ವಾಸನೆ ಅವ್ವನಿಗೆ ಆಗದು. ಒಮ್ಮೆ ಹೊರಟವಳು ಕಾತ್ರಜದಲ್ಲೇ ಇಳಿದು, ಮುಖ ತೊಳೆದುಕೊಂಡು, ತಿರುಗಿ ನಡೆದೇ ಮನೆಗೆ ಬಂದಿದ್ದಳು. ಎತ್ತಿನ ಗಾಡಿ ಎಂದರೆ ನಾಲ್ಕು ದಿನದ ದಾರಿ, ಸೊಂಟದ ಕೀಲುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಅಲ್ಲದೆ ದಾರಿಯಲ್ಲಿ ಅಡುಗೆ ಎಲ್ಲಿ, ನೀರು ಯಾವುದು, ಮಡಿಸೀರೆ ಒಣಗುವುದು ಎಲ್ಲಿ? ಮೌಶಿಯೂ ಇವಳ ತಂಗಿಯೇ. ಅವಳೂ ಅಲ್ಲಿಂದ ಹೊರಡುವವಳಲ್ಲ. ಹೀಗೆ ಐವತ್ತೈದು ಮೈಲಿನ ಅಂತರದಲ್ಲಿ ಇಬ್ಬರೂ ಹನ್ನೊಂದು ವರ್ಷ ಬರೀ ಕಾರ್ಡಿನ ಮೇಲೆ ಮಾತಾಡಿಕೊಂಡಿದ್ದರು.

ಯುದ್ಧ ಮುಗಿದ ಮರುವರ್ಷ ಮಳೆಗಾಲದ ಆರಂಭಕ್ಕೆ ಮೌಶಿಯ ಕಾರ್ಡು ಬಂತು. ಯಾರ ಕೈಯಲ್ಲೋ ಬರೆಸಿದ್ದಳು. "ಅಕ್ಕಾ, ಎರಡೂ ಕಣ್ಣು ಮಂಜಾಗ್ಯಾವ. ಎದುರಿಗೆ ಬೆಳಕಿದ್ದರ ಮಾರಿ ಗುರ್ತು ಹತ್ತತದ, ಇಲ್ಲಂದರ ಇಲ್ಲ. ಪೂರ್ತಿ ಕತ್ತಲಾಗೂದರೊಳಗ ನಿನ್ನ ಮಾರಿ ಒಮ್ಮೆ ನೋಡಬೇಕಂತ ಅನಸ್ತದ." ಅವ್ವ ಕಾರ್ಡನ್ನು ನನ್ನಿಂದ ಎರಡು ಸಲ ಓದಿಸಿ, ಮಡಿಚಿ, ದೇವರ ಪೆಟ್ಟಿಗೆಯಲ್ಲಿಟ್ಟಳು. ಆ ದಿನ ಅವಳು ಊಟ ಮಾಡಲಿಲ್ಲ.

ಅದೇ ತಿಂಗಳು ಹಡಪಸರದ ಆಚೆಯ ಮೈದಾನದಲ್ಲಿ ದಂಡಿನವರು ಬೇಡವಾದ ಸಾಮಾನು ಲಿಲಾವು ಹಾಕಿ ಮಾರುತ್ತಿದ್ದರು. ಡೇರೆ, ಬೂಟು, ತಗಡಿನ ಡಬ್ಬಿಗಳ ರಾಶಿಯ ನಡುವೆ ಒಂದು ಟ್ರೇಲರು ನಿಂತಿತ್ತು. ಎರಡು ರಬ್ಬರ ಗಾಲಿ, ಕೆಳಗೆ ಕಮಾನುಪಟ್ಟಿ, ಮೇಲೆ ಪ್ಲೈವುಡ್ಡಿನ ಸಣ್ಣ ಕೋಣೆ, ಹಿಂದೆ ಬಾಗಿಲು. ತಂತಿಯಿಲ್ಲದ ಸುದ್ದಿಯಂತ್ರ ಇಟ್ಟುಕೊಂಡು ಸಿಪಾಯಿಗಳು ಅದರಲ್ಲಿ ಕೂಡುತ್ತಿದ್ದರಂತೆ. ಮೋಟಾರಿನ ಹಿಂದೆ ಕಟ್ಟಿ ಎಳೆಯುವಂಥದ್ದು. ಕಿಡಕಿ ಎಂಬ ಹೆಸರಿಗೆ ಮೇಲೆ ಎರಡು ಬೆರಳಗಲದ ಸೀಳು. ನಾನು ಅದನ್ನು ಒಮ್ಮೆ ಕೈಯಿಂದ ಅಲುಗಾಡಿಸಿ ನೋಡಿದೆ. ತೊಟ್ಟಿಲು ತೂಗಿದಂತೆ ಮೆಲ್ಲಗೆ ತೂಗಿತು. ಅಷ್ಟೇ, ನನ್ನ ತಲೆಯಲ್ಲಿ ಅವ್ವ ಅದರೊಳಗೆ ಕೂತುಬಿಟ್ಟಳು. ಎಷ್ಟಕ್ಕೆ ಕೊಂಡೆ ಎಂದು ಇಲ್ಲಿ ಬರೆಯುವುದಿಲ್ಲ, ನನ್ನ ಹೆಂಡತಿ ಸುಶೀಲಾ ಇದನ್ನು ಓದುತ್ತಾಳೆ.

ಗುಲಟೇಕಡಿಯ ಬಯಲಲ್ಲಿ ಸಿದ್ರಾಮನ ದನದ ಕೊಟ್ಟಿಗೆ. ಸಿದ್ರಾಮ ಅಕ್ಕಲಕೋಟೆ ಕಡೆಯ ಗಾಡಿಯವ, ಮಂಡಈ ಪೇಟೆಗೆ ಕಾಯಿಪಲ್ಲೆ ಹೊಡೆಯುತ್ತಿದ್ದ. ಅವನ ಕೊಟ್ಟಿಗೆಯ ಪಕ್ಕಕ್ಕೆ ಟ್ರೇಲರು ತಂದು ನಿಲ್ಲಿಸಿದೆ. ಮೋಟಾರಿನ ಕೊಂಡಿ ತೆಗೆದು, ಮುಂದಕ್ಕೆ ಚಾಚುವ ಮೂಕಿಮರ ಕಟ್ಟಿ, ನೊಗ ಹೂಡಿದರೆ ಸರ್ಜಾ, ಹೌಶ್ಯಾ ಎಂಬ ಅವನ ಎತ್ತುಗಳು ಎಳೆಯುತ್ತವೆ ಎಂಬುದು ನನ್ನ ಲೆಕ್ಕ. ಅವ್ವನನ್ನೂ ಸುಶೀಲಾಳನ್ನೂ ಟಾಂಗಾ ಮಾಡಿಕೊಂಡು ಕರೆದೊಯ್ದು ತೋರಿಸಿದೆ.

ಸುಶೀಲಾ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಗೆರೀ ಎಳಿಯೂದು ಬ್ಯಾರೆ, ಕಟಗಿ ಕೊಯ್ಯೂದು ಬ್ಯಾರೆ ಅಂತ ಆಫೀಸಿನ್ಯಾಗ ನಿಮಗ ಯಾರೂ ಹೇಳಿಲ್ಲೇನ್ರಿ?"

ಅವ್ವ ಒಳಗೆ ಇಣುಕಿ ನೋಡಿ, "ಉಪ್ಪಿನಕಾಯಿ ಭರಣಿ ಇದ್ದಾಂಗ ಅದ" ಎಂದಳು. ಮುಂದಿನ ಗೋಡೆಯನ್ನು ಬೆರಳಿನಿಂದ ತಟ್ಟಿ ಮತ್ತೆ ಹೇಳಿದಳು. "ಮಾಡೂದಾದರ ಒಂದು ಕಿಡಕಿ ಇಡಪಾ, ದಾರಿ ಕಾಣೂಹಂಗ. ನನಗ ಬ್ಯಾರೇನೂ ಬ್ಯಾಡ."

"ಆತು ಅವ್ವಾ" ಎಂದೆ. ಮನೆಗೆ ಹೋಗಿ ಅಂದವಾದ ಒಂದು ನಕಾಶೆ ತೆಗೆದೆ. ಜೀವನದಲ್ಲಿ ಮೊದಲ ಬಾರಿ ಕೆಳಗೆ ಯಾರ ಗೆರೆಯೂ ಇರಲಿಲ್ಲ. ಮಾಡಬೇಕಾದ ಸುಧಾರಣೆಗಳು ಒಟ್ಟು ಹದಿನೇಳು. ಹದಿನೇಳನೆಯದು: ಕಿಡಕಿ.

ಆಮೇಲಿನ ರವಿವಾರಗಳ ಸುಖವನ್ನು ಹೇಗೆ ಹೇಳಲಿ! ಮಳೆ ಬಿಡುವು ಕೊಟ್ಟಾಗಲೆಲ್ಲ ನಾನು ಗುಲಟೇಕಡಿಯಲ್ಲಿ. ಮೊದಲನೆಯ ರವಿವಾರ ಉಗುರು ಹೋಯಿತು. ಎರಡನೆಯ ರವಿವಾರ ಗರಗಸ ಹಲಗೆಯನ್ನು ಬಿಟ್ಟು ಸಿದ್ರಾಮನ ಹೊರಸಿನ ಕಾಲನ್ನು ಕೊಯ್ದಿತು. ಮೂರನೆಯ ರವಿವಾರ ಹೊಡೆದ ಮೊಳೆ ನೆಟ್ಟಗೆ ಹೋಯಿತು. ನಾನು ಸುತ್ತಿಗೆ ಕೆಳಗಿಟ್ಟು, ಯಾರಾದರೂ ನೋಡಿದರೇನೋ ಎಂದು ಸುತ್ತಲೂ ಕಣ್ಣು ಹಾಯಿಸಿದೆ. ಹೌಶ್ಯಾ ಒಂದೇ ನೋಡುತ್ತಿತ್ತು. ಅದಾದರೂ ನೋಡಿತಲ್ಲ ಎಂದು ಸಮಾಧಾನಪಟ್ಟೆ. ಆಮೇಲೆ ಒಂದೊಂದೇ ಕೆಲಸ ಕೈಗೆ ಬಗ್ಗಿತು. ಮಡಿಸೀರೆ ಹಾಕಲು ಮಾಳಿಗೆಗೆ ಬಿದಿರಿನ ಗಳ. ಒಲೆಗೆ ತಗಡಿನ ಹಾಸು, ಹೊಗೆಗೆ ಮೇಲೆ ಕಂಡಿ. ಹಗಲು ಗೋಡೆಗೆ ಒರಗಿ ರಾತ್ರಿ ಮಂಚವಾಗುವ ಹಲಗೆ. ತುಕ್ಕು ಹಿಡಿದು ಸತ್ತಿದ್ದ ಕೈಬ್ರೇಕನ್ನು ಬಿಚ್ಚಿ, ಎಣ್ಣೆ ಕುಡಿಸಿ, ಹೊಸ ತಂತಿ ಎಳೆದು ಮತ್ತೆ ಬದುಕಿಸಿದ್ದು ನಾನೇ. ಮುಂದಿನ ಗೋಡೆಗೆ ನನಗಾಗಿಯೇ ಒಂದು ಮಡಿಚುವ ಮೇಜನ್ನೂ ಮಾಡಿಕೊಂಡೆ. ದಾರಿಯಲ್ಲಿ ಕೂತು ನಕಾಶೆ ತೆಗೆಯಬೇಕಾದರೆ? ಯಾಕೆ ತೆಗೆಯಬೇಕು ಎಂದು ಸುಶೀಲಾ ಕೇಳಿದಳು, ನಾನು ಇನ್ನೊಂದು ಮೊಳೆ ಹೊಡೆದೆ.

ಎಲ್ಲಕ್ಕೂ ಕಿರೀಟವಾಗಿ ಪಂಪು. ಜುನಾ ಬಜಾರದಲ್ಲಿ ಹಿತ್ತಾಳೆಯ ಸಣ್ಣ ಕೈಪಂಪು ಸಿಕ್ಕಿತು. ಕೆಳಗೆ ಹಂಡೆ, ಮೇಲೆ ಪಂಪು, ಕೂತಲ್ಲೇ ಹಿಡಿ ಒತ್ತಿದರೆ ನೀರು. ಅವ್ವನನ್ನು ಕರೆತಂದು ಎದುರಿಗೆ ಕೂಡಿಸಿ ಒತ್ತಿ ತೋರಿಸಿದೆ. ನೀರು ಜುಳುಜುಳು ಬಂತು. ಅವ್ವ ಬಹಳ ಹೊತ್ತು ನೋಡಿದಳು.

"ಇದು ನೀರು ಹ್ಯಾಂಗ ಎಳೀತದ?"

"ಒಳಗ ಒಂದು ವಾಯಸರ ಅದ ಅವ್ವಾ. ಅದು ಮ್ಯಾಲ ಕೆಳಗ ಆಡತದ."

"ಅದು ಯಾತರದು?"

ನೋಡಿ, ಹದಿನೇಳು ಕಲಮುಗಳ ನಕಾಶೆ ತೆಗೆದವನಿಗೆ ಈ ಒಂದು ಪ್ರಶ್ನೆ ಹೊಳೆದಿರಲಿಲ್ಲ. ವಾಯಸರು ಚರ್ಮದ್ದು. ಊರಿಗೆ ನಳ ಬಂದ ಕಾಲದಿಂದ ನಮ್ಮ ಹಿರಿಯರು ಇದೇ ಚರ್ಮದ ತುಂಡಿಗೆ ಹೆದರಿ ಅಡುಗೆಗೆ ಬಾವಿಯ ನೀರನ್ನೇ ಹಿಡಿದು ಕೂತವರು. ನಮ್ಮ ವಾಡೆಯ ಬಾವಿಯಿಂದ ಅವ್ವನಿಗೆ ದಿನಾ ನೀರು ಸೇದಿಕೊಡುವವನೂ ನಾನೇ. ಆದರೂ ಮರೆತಿದ್ದೆ! ಸೋಲೊಪ್ಪಲು ಮನಸ್ಸಾಗದೆ ವಾದಕ್ಕಿಳಿದೆ. ಹಿಂದಿನ ಕಾಲದಲ್ಲಿ ತುಪ್ಪ ಬರುತ್ತಿದ್ದುದು ಚರ್ಮದ ಬುದ್ದಲಿಯಲ್ಲಿ, ಇಂಗು ಬರುತ್ತಿದ್ದುದೂ ಚರ್ಮದಲ್ಲಿ. ಅದನ್ನು ಉಂಡವರು ಯಾರೂ ಮಡಿ ಕೆಡಿಸಿಕೊಳ್ಳಲಿಲ್ಲ. ಗುಡಿಯಲ್ಲಿ ಬಾರಿಸುವ ಮೃದಂಗಕ್ಕೆ ಇರುವುದು ರೇಶಿಮೆಯೇನು? ಹೀಗೆ ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ.

ಅವ್ವ ಪೂರ್ತಿ ಕೇಳಿಸಿಕೊಂಡಳು. "ತುಪ್ಪದ ಮಾತು ನಮ್ಮ ಅಜ್ಜಿನ್ನ ಕೇಳು. ನೀರಿನ ಮಾತು ನನ್ನ ಕೇಳು. ಈ ನೀರು ನನಗ ನಡಿಯೂದುಲ್ಲ" ಎಂದು ಎದ್ದಳು.

ಪಂಪು ಹೋಯಿತು. ಹಾಗೆಂದು ನಾನು ಬಿಡುವವನೆ? ಹಂಡೆಯನ್ನೇ ಎತ್ತರದಲ್ಲಿಟ್ಟರೆ ಪಂಪಿನ ಹಂಗೇಕೆ? ತಾಂಬಟರ ಓಣಿಗೆ ಹೋಗಿ ಮನೆಯ ತಾಮ್ರದ ಹಂಡೆಗೆ ಬುಡದಲ್ಲಿ ಒಂದು ಕೊಳವೆ ಹಚ್ಚಿಸಿದೆ. ನಳ ಹಚ್ಚಿದರೆ ಅದರಲ್ಲೂ ಮತ್ತೆ ಚರ್ಮವೇ. ಆದ್ದರಿಂದ ಬೇವಿನ ಕಟ್ಟಿಗೆಯ ಬೆಣೆ ಕೆತ್ತಿ, ಅದಕ್ಕೆ ಹತ್ತಿಯ ಬಟ್ಟೆ ಸುತ್ತಿ ತುರುಕಿದೆ. ಬೆಣೆ ಎಳೆದರೆ ನೀರು, ತುರುಕಿದರೆ ಬಂದ್. ಹಿಂದಿನ ಬಾಗಿಲ ಬದಿಗೆ, ಒಲೆಯ ಮೇಲುಗಡೆ, ಗಟ್ಟಿ ಹಲಗೆ ಕೂಡಿಸಿ ಹಂಡೆಯನ್ನು ಅಲ್ಲಾಡದಂತೆ ಬಿಗಿದೆ. ಅವ್ವ ಬಗ್ಗಿ ನೋಡಿ ತಲೆಯಾಡಿಸಿದಳು. ಅಂದು ನಾನು ಹೊಟ್ಟೆ ತುಂಬ ಉಂಡೆ.

ದೀಪಾವಳಿ ಮುಗಿದು ದಾರಿ ಒಣಗಿತು. ಪಂಚಾಂಗ ನೋಡಿ ದಿನ ಗೊತ್ತುಮಾಡಿದೆವು. ರಾಹುಕಾಲದ ಮೊದಲು ಹೊರಡಬೇಕು, ಇಲ್ಲದಿದ್ದರೆ ಅವ್ವ ಮುಂದಿನ ವಾರದವರೆಗೆ ಹೊಸ್ತಿಲು ದಾಟುವವಳಲ್ಲ. ವಾರ ವಾರ ಕಳೆದಂತೆ ವಾಯಿಯಲ್ಲಿ ಮೌಶಿಯ ಕಣ್ಣಿನ ಮಂಜು ದಟ್ಟವಾಗುತ್ತಿದೆ. ಮೊನ್ನೆ ಬಂದ ಕಾರ್ಡಿನಲ್ಲಿ ಒಂದು ಕಣ್ಣು ಪೂರ್ತಿ ಹೋಯಿತೆಂದು ಬರೆಸಿದ್ದಳು. ಗುಲಟೇಕಡಿಗೆ ಹೋಗಿ ಸಾಮಾನು ಏರಿಸಿದೆವು. ಹಂಡೆ ತುಂಬಿದೆವು. ಅವ್ವ ಒಲೆಯ ಪಕ್ಕಕ್ಕೆ ತನ್ನ ಮಣೆ ಹಾಕಿಕೊಂಡು ಕೂತಳು. ಸಿದ್ರಾಮ ನೊಗ ಹೂಡಿ ಎತ್ತುಗಳನ್ನು ಹೊಡೆದ. ಸರ್ಜಾ ಎರಡು ಹೆಜ್ಜೆ ಇಟ್ಟು ಕೆಮ್ಮಿ ನಿಂತಿತು.

"ಸಾಹೇಬ್ರ, ಹಿಂದಭಾರ ಆಗೇದ್ರಿ. ಮೂಕಿ ಮ್ಯಾಲ ಏಳಾಕತ್ತೇದ. ನೊಗ ಎತ್ತಿನ ಕುತಗಿ ಒತ್ತತದ್ರಿ, ಹೋಗೂ ಹಂಗಿಲ್ಲ."

ನೀರು ಹಿಂದೆ, ಒಲೆ ಹಿಂದೆ, ಅಕ್ಕಿ ಬೇಳೆ ಹಿಂದೆ, ಅವ್ವನೂ ಹಿಂದೆ. ಮುಂದೆ ಏನಿತ್ತು? ನನ್ನ ಮಡಿಚುವ ಮೇಜು. ಎರಡು ಗಾಲಿಯ ಗಾಡಿ ಎಂದರೆ ತಕ್ಕಡಿ ಎಂಬುದು ಕೂಸಿಗೂ ಗೊತ್ತಿರುವ ಸಂಗತಿ. ಸೇತುವೆಗಳ ಭಾರದ ನಕಾಶೆ ತೆಗೆದ ನನಗೆ ಮಾತ್ರ ಗೊತ್ತಾಗಲಿಲ್ಲ. ಹಂಡೆಯನ್ನಂತೂ ಅಲ್ಲಾಡದಂತೆ ನಾನೇ ಬಿಗಿದಿದ್ದೆ. ಸಿದ್ರಾಮ ಮುಂದೆ ಪೇರಿಸಲು ಕಲ್ಲು ತರಲು ಹೊರಟ.

"ಕಲ್ಲು ಯಾಕ?" ಎಂದು ಒಳಗಿನಿಂದ ಅವ್ವನ ದನಿ ಬಂತು. "ನಾನೇ ಮುಂದ ಕೂಡತೀನಿ. ಅಕ್ಕಿ ಚೀಲಾನೂ ಈ ಕಡೆ ತರ್ರಿ. ಆದರ ಈ ಗ್ವಾಡಿ ನೋಡಕೋತ ನಾಕು ದಿನ ಹ್ಯಾಂಗ ಕೂಡಲಿ? ಕಿಡಕಿ ಎಲ್ಲಿ ಅದನೋ?"

ಆ ಮಾತಿಗೆ ನನ್ನ ಮುಖ ಸಣ್ಣದಾಯಿತು. ಅವಳು ಕೇಳಿದ್ದು ಅದೊಂದನ್ನೇ. ನಾನು ಹದಿನಾರನ್ನು ಮಾಡಿ ಮೀಸೆ ತಿರುವುತ್ತಿದ್ದೆ.

ರಾಹುಕಾಲಕ್ಕೆ ಮುಕ್ಕಾಲು ತಾಸು ಉಳಿದಿತ್ತು. ಅಳತೆಪಟ್ಟಿ ಮನೆಯಲ್ಲಿತ್ತು, ಪೆನ್ಸಿಲು ಎಲ್ಲಿತ್ತೋ. ಮೇಜನ್ನು ಕಿತ್ತು ಸಿದ್ರಾಮನ ಕೊಟ್ಟಿಗೆಗೆ ಎಸೆದೆ. ಗೋಡೆಗೆ ತೂತು ಕೊರೆದು, ಗರಗಸ ತುರುಕಿ, ಕಣ್ಣಂದಾಜಿನಲ್ಲಿ ಎಳೆದೆ. ಸುಶೀಲಾ ಹಲಗೆ ಒತ್ತಿ ಹಿಡಿದಳು, ನಗಲಿಲ್ಲ. ಬೆವರು ಕಣ್ಣಿಗಿಳಿಯಿತು, ಗೆರೆ ಎತ್ತ ಹೋಯಿತೋ ದೇವರೇ ಬಲ್ಲ. ತುಂಡು ಹೊರಗೆ ಬಿದ್ದಾಗ ನೋಡಿದರೆ ಕಿಡಕಿಯ ಒಂದು ಮೂಲೆ ಮೇಲೆ, ಒಂದು ಮೂಲೆ ಕೆಳಗೆ. ಅವ್ವ ತನ್ನ ಮಣೆ ತಂದು ಅಲ್ಲಿ ಕೂತಳು, ಅಕ್ಕಿ ಚೀಲವೂ ಪಕ್ಕಕ್ಕೆ ಬಂತು. ಮೂಕಿ ಮೆಲ್ಲಗೆ ಇಳಿದು ಎತ್ತುಗಳ ಹೆಗಲ ಮೇಲೆ ಹಗುರಾಗಿ ಕೂತಿತು. ಸಿದ್ರಾಮ "ಹಾಂ, ಈಗ ಬರೋಬ್ಬರಿ!" ಎಂದ. ರಾಹುಕಾಲ ಬರುವ ಮೊದಲೇ ಗಾಡಿ ಬಯಲು ದಾಟಿತು.

ನಾಲ್ಕು ದಿನದ ಆ ಸವಾರಿಯ ವೈಭವವನ್ನು ನಾನು ಯಾರ ಮುಂದಾದರೂ ಹೇಳುತ್ತೇನೆ. ಕಾತ್ರಜದ ಏರಿಗೆ ಇನ್ನೊಂದು ಜೋಡಿ ಎತ್ತು ಕಟ್ಟಿದೆವು. ಶಿರವಳದಲ್ಲಿ ಬೆಣೆ ಎಳೆದು, ಬೇಳೆ ಬೇಯಿಸಿ, ಅವ್ವ ಮಡಿಯಲ್ಲೇ ಬಿಸಿ ಅನ್ನ ಸಾರು ಬಡಿಸಿದಳು. ಖಂಬಾಟಕಿ ಘಾಟದ ಇಳಿಜಾರಿನಲ್ಲಿ ಜೀವ ಕೈಯಲ್ಲಿ ಹಿಡಿದು ಬ್ರೇಕು ಎಳೆದೆ. ನಾನು ಬದುಕಿಸಿದ ಬ್ರೇಕು, ಗಾಡಿಯನ್ನು ಕೂಸಿನಂತೆ ಇಳಿಸಿತು. "ಸಾಹೇಬ್ರ, ಕೈ ಭಾಳ ಚಲೋ ಅದ್ರಿ ನಿಮ್ಮದು" ಎಂದು ಸಿದ್ರಾಮ ಹೇಳಿದ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನನ್ನ ಕೈಯನ್ನು ಯಾರೂ ಹಾಗೆ ಹೊಗಳಿರಲಿಲ್ಲ. ಅವ್ವ ಮಾತ್ರ ಕಿಡಕಿ ಬಿಟ್ಟು ಏಳಲಿಲ್ಲ. ಹೊಲ, ಹಳ್ಳ, ಆಲದ ಸಾಲು ಎಲ್ಲವನ್ನೂ ತನ್ನಷ್ಟಕ್ಕೆ ಹೆಸರು ಹಿಡಿದು ಕರೆಯುತ್ತ ಕೂತಿದ್ದಳು.

ವಾಯಿಯ ಓಣಿ ಹೊಕ್ಕಾಗ ಬಿಸಿಲು ನಮ್ಮ ಬೆನ್ನಿಗಿತ್ತು. ಮೌಶಿ ಕಟ್ಟೆಯ ಮೇಲೆ ಕಂಬ ಹಿಡಿದು ನಿಂತಿದ್ದಳು. ನನ್ನನ್ನು ನೋಡಿ "ಯಾರಪಾ?" ಎಂದಳು, ಸುಶೀಲಾಳನ್ನೂ ಗುರುತಿಸಲಿಲ್ಲ. ತಡವಾಯಿತೇನೋ! ಅಷ್ಟರಲ್ಲಿ ಗಾಡಿ ಅರ್ಧ ಸುತ್ತು ತಿರುಗಿ ಕಟ್ಟೆಗೆ ಹತ್ತಿರವಾಯಿತು. ಬಿಸಿಲು ನೇರವಾಗಿ ಮುಂದಿನ ಕಿಡಕಿಗೆ ಬಿತ್ತು, ಅದರ ತುಂಬ ಅವ್ವನ ಮುಖ.

ಮೌಶಿ ಕಂಬ ಬಿಟ್ಟಳು. "ಅಕ್ಕಾ! ನೀ ಎಷ್ಟು ಮುದುಕಿ ಆಗೀಯ ಅಲ್ಲೇ!"

"ನೀ ನೋಡಿದಿ ಅಲ್ಲ, ಅಷ್ಟ ಸಾಕು" ಎಂದ ಅವ್ವ ಕಿಡಕಿಯಿಂದಲೇ ಎರಡೂ ಕೈ ಚಾಚಿದಳು. ಇಬ್ಬರೂ ಅತ್ತರು. ನನಗೂ ಅಳು ಬಂತು, ಬ್ರೇಕು ನೋಡುವ ನೆವದಿಂದ ಬಗ್ಗಿದೆ.

ಸ್ವಲ್ಪ ಹೊತ್ತಿನ ಮೇಲೆ ಮೌಶಿಯ ಬೆರಳುಗಳು ಕಿಡಕಿಯ ಅಂಚನ್ನು ಸವರುತ್ತ ಹೋದವು. "ಅಕ್ಕಾ, ಇದು ಸೊಟ್ಟ ಅದಲ್ಲ? ಯಾವ ಬಡಿಗ್ಯಾ ಮಾಡ್ಯಾನ?"

ಗಾಡಿಯ ಗೋಡೆಯ ಆಚೆ ಬಗ್ಗಿ ಕೂತಿದ್ದ ನಾನು ಕಿವಿಗೊಟ್ಟೆ. ಗಳವಿದೆ, ಹೊಗೆಗಂಡಿಯಿದೆ, ಹಂಡೆಯಿದೆ, ಬೇವಿನ ಬೆಣೆಯಿದೆ. ಅವ್ವ ಈಗ ಯಾವುದನ್ನಾದರೂ ಹೇಳಬಹುದಿತ್ತು.

"ಬಡಿಗ್ಯಾ ಅಲ್ಲ" ಎಂದಳು ಅವ್ವ. "ನನ್ನ ಮಗಾ ಕೊರದಾನ."

ಊರಿಗೆ ಮರಳಿದ ಮೇಲೆ ನಮ್ಮ ಹಳೆಯ ಬಡಿಗ ಟ್ರೇಲರು ನೋಡಲು ಬಂದಿದ್ದ. ಕಿಡಕಿಯ ಮೇಲೆ ಅಂಗೈ ಆಡಿಸಿ, ಎಂದಿನ ಹಾಗೆ ನನ್ನ ಮುಖ ನೋಡಿ ನಕ್ಕ. ಅರ್ಧ ತಾಸಿನಲ್ಲಿ ಇದನ್ನು ನೆಟ್ಟಗೆ ಮಾಡಿಕೊಡುತ್ತೇನೆ ಎಂದ. ನಾನೂ ನಕ್ಕೆ. ಕೈ ಹಚ್ಚಬೇಡ ಎಂದು ಹೇಳಿ, ಚಹಾದ ಬಟ್ಟಲನ್ನು ಎಡಗೈಗೆ ಬದಲಿಸಿಕೊಂಡೆ.