ಸೊಳ್ಳೆಪರದೆಯೊಳಗಿನ ಪುರ್ಸಣ್ಣ

ಹಾಡಹಗಲಲ್ಲಿ ಸೊಳ್ಳೆಪರದೆ ಕಟ್ಟಿ, ಅದರೊಳಗೆ ಚಕ್ಕಳಮಕ್ಕಳ ಹಾಕಿ ಕೂತು ಕೆಲಸ ಮಾಡುವ ಮನುಷ್ಯ ಅಂತ ನಾನು ಕಂಡದ್ದು ಪುರ್ಸಣ್ಣ ಒಬ್ಬನನ್ನೇ. ಅಂಕೋಲೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನ ಅಂಗಡಿಯಿತ್ತು. ಲಾರಿ, ಟೆಂಪೊ, ರಿಕ್ಷಾಗಳ ವೈರಿಂಗ್ ಕೆಲಸ. ಉಳಿದದ್ದನ್ನೆಲ್ಲ ರಸ್ತೆಯ ಬದಿಗೇ ಕೂತು ಮಾಡುತ್ತಿದ್ದವನು, ಸ್ವಿಚ್ ಬಿಚ್ಚುವುದಿದ್ದರೆ ಮಾತ್ರ ಪರದೆಯೊಳಗೆ ಹೋಗಿ ಅದರ ಅಂಚನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳುತ್ತಿದ್ದ.

"ಸ್ವಿಚ್ಚಿನ ಹೊಟ್ಟೆಲಿ ಒಂದು ಸ್ಪ್ರಿಂಗು, ಒಂದು ಸಣ್ಣ ಗುಂಡು ಇರ್ತದೆ ತಮಾ. ಮುಚ್ಚಳ ತೆಗ್ದ ಕೂಡ್ಲೆ ಹಾರ್ತದೆ. ಹಾರಿದ್ದು ವಾಪಸ್ ಸಿಕ್ತು ಅಂತ ಇಲ್ಲ. ಬಲೆ ಒಳಗೆ ಕೂತ್ರೆ ಎಲ್ಲಿ ಹೋಗ್ತದೆ ನೋಡ್ವಾ!"

ಬಲೆಯ ಮಾತು ಅವನಿಗೆ ಸಹಜ. ಬೇಲೆಕೇರಿಯ ಮೀನುಗಾರರ ಮನೆಯವನು. ಅಣ್ಣತಮ್ಮಂದಿರೆಲ್ಲ ದೋಣಿಗೆ ಹೋದರು. ಇವನು ಸಮುದ್ರಕ್ಕೆ ಹೆದರಿ ಅಂಕೋಲೆಗೆ ಬಂದ. ಸಮುದ್ರಕ್ಕೆ ಮಾತ್ರವಲ್ಲ, ಕತ್ತಲೆಗೂ ಹೆದರುತ್ತಿದ್ದ. ಸೊಂಟದಲ್ಲಿ ಯಾವಾಗಲೂ ಎರಡು ಟಾರ್ಚು. ಹೊತ್ತು ಮುಳುಗುವ ಮೊದಲು ಅಂಗಡಿಯ ಹಲಗೆಗಳನ್ನು ಹಾಕಿ ಮನೆ ಸೇರಿಬಿಡುತ್ತಿದ್ದ. ಸಂಜೆಯ ನಂತರ ಅವನು ಯಾವ ವಾಹನವನ್ನೂ ಹತ್ತಿದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ. ಅವನ ಹೆಂಡತಿ ಶೇವಂತಕ್ಕ ಎಲ್ಲರೆದುರೇ ಹಂಗಿಸುತ್ತಿದ್ದಳು: "ಊರ ಗಾಡಿಗೆಲ್ಲ ಕಣ್ಣು ಕೊಡ್ತ್ರು. ಕತ್ತಲಾದ್ರೆ ಅಂಗಳಕ್ಕೆ ಹೋಗುಕೂ ನಾನೇ ಜೋಡಿ ಬೇಕು ಇವ್ರಿಗೆ!"

ಪುರ್ಸಣ್ಣ ಇದಕ್ಕೆಲ್ಲ ನಾಚುವವನಲ್ಲ. "ಹೆದರ್ದವ್ನೇ ದೀಪ ಕಂಡುಹಿಡ್ದದ್ದು. ಧೈರ್ಯಸ್ಥ ಕತ್ತಲಲ್ಲೇ ನಡ್ಕಂಡು ಹೋಗಿ ಬಾವಿಗೆ ಬಿದ್ದ" ಎನ್ನುತ್ತಿದ್ದ.

ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಕಾರವಾರದಲ್ಲಿ ಪಾಠ ಹೇಳುತ್ತಿದ್ದ ನನಗೆ ಎಲ್ಲದಕ್ಕೂ ಕಾರಣ ಬೇಕಿತ್ತು. ಈ ಹೆದರಿಕೆ ಎಲ್ಲಿಂದ ಬಂತೆಂದು ಒಮ್ಮೆ ಕೇಳಿದಾಗ, ಎಳವೆಯಲ್ಲಿ ಅಪ್ಪನ ದೋಣಿಯ ಲಾಟೀನು ಆರಿ, ದಡ ಯಾವ ಕಡೆಗೆಂದು ತಿಳಿಯದೆ ತಿರುಗಿದ ಕತೆ ಹೇಳಿದ. ಇನ್ನೊಮ್ಮೆ ಕೇಳಿದರೆ "ಯಾವ ಲಾಟೀನು?" ಎಂದ. "ಹೊಟ್ಟೆನೋವಿಗೆ ಕಾರಣ ಕೇಳು, ಹೇಳ್ತೆ. ಹೆದರಿಕೆಗೆ ಕೇಳ್ಬೇಡ ಮಾಸ್ತರ." ಲಾಟೀನಿನ ಕತೆಯನ್ನು ಅವನೇ ಹೇಳಿದ್ದೋ, ನಾನೇ ಆಮೇಲೆ ಕಟ್ಟಿಕೊಂಡದ್ದೋ, ಈಗ ಖಾತ್ರಿಯಿಲ್ಲ.

ಒಂದು ಮಾತ್ರ ಖಾತ್ರಿ: ಎಣ್ಣೆಯ ಬಾಟಲಿ. ನಮ್ಮ ಕರಾವಳಿಯ ಉಪ್ಪುಗಾಳಿ ಕಬ್ಬಿಣವನ್ನು ಹಪ್ಪಳ ಮಾಡುತ್ತದೆ. ಅವನ ಮನೆಯಲ್ಲಿ ಬೀಗ, ಕತ್ತಿ, ಬಾಗಿಲ ತಿರುಗುಣಿ ಎಲ್ಲಕ್ಕೂ ತೆಂಗಿನೆಣ್ಣೆ ಸವರುವುದು ಸ್ನಾನದಷ್ಟೇ ರೂಢಿ. ಅಂಗಡಿಯಲ್ಲೂ ಅದೇ. ಕೆಲಸ ಮುಗಿದ ಮೇಲೆ ಕಿರುಬೆರಳನ್ನು ಬಾಟಲಿಗೆ ಅದ್ದಿ, ಬಿಚ್ಚಿ ಕೂಡಿಸಿದ ಸ್ಕ್ರೂಗಳಿಗೆಲ್ಲ ದೇವರಿಗೆ ಕುಂಕುಮ ಹಚ್ಚುವಂತೆ ಒಂದೊಂದು ಬೊಟ್ಟು ಇಡುತ್ತಿದ್ದ. ಕರೆಂಟು ಹರಿಯುವ ಜಾಗಕ್ಕೆ ಮಾತ್ರ ಇಡಬಾರದು. ಬಿಸಿಗೆ ಎಣ್ಣೆ ಸುಟ್ಟು ಕರ‍್ರಗಾಗಿ, ಕರೆಂಟನ್ನೇ ತಡೆಯುತ್ತದೆ. ಇದನ್ನು ಲಾರಿ ಡ್ರೈವರುಗಳಿಗೆ ಬೈದು ಬೈದು ಹೇಳುತ್ತಿದ್ದವನೂ ಅವನೇ.

ಆ ಕಾರು ನನ್ನದಲ್ಲ, ಅಕ್ಕನ ಗಂಡನದು. ಸದಾಶಿವಗಡದ ಬಾವ ಹಡಗಿನಲ್ಲಿ ಕೆಲಸಕ್ಕಿದ್ದ. ರಜೆಗೆ ಬಂದಾಗ ಗೋವಾದಿಂದ ಎರಡೇ ಸೀಟಿನ ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರೊಂದನ್ನು ತಂದಿದ್ದ. ಬಟ್ಟೆಯ ಮಾಡು ಹರಿದು ಹಿಂದಕ್ಕೆ ಮಡಚಿ ಬಿದ್ದಿತ್ತು. ಮುಂದಿನ ದೀಪಗಳು ಬಾನೆಟ್ಟಿನೊಳಗೆ ಅಡಗಿರುತ್ತಿದ್ದವು; ಸ್ವಿಚ್ ತಿರುಗಿಸಿದರೆ ಕಪ್ಪೆಯ ಕಣ್ಣಿನಂತೆ ಮೇಲೆದ್ದು ಹೊತ್ತಿಕೊಳ್ಳುತ್ತಿದ್ದವು. ಸ್ವಲ್ಪ ಹೊತ್ತಿಗೆ ಮಿಣಮಿಣ ಎಂದು ಆರಿಬಿಡುವುದು ಅದರ ರೋಗ. ಒಮ್ಮೆ ಕಾಳಿ ಸೇತುವೆಯ ಮೇಲೆ ಹಾಗೆ ಆರಿ, ಪಕ್ಕದಲ್ಲಿದ್ದ ಅಕ್ಕ ಮನೆಗೆ ಬಂದವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಹಡಗಿಗೆ ಹೋಗ್ತೆ, ದೀಪ ಸರಿ ಮಾಡ್ಸಿ ಇಡು ಮಾರಾಯ" ಎಂದು ಬಾವ ಕೀಲಿಯನ್ನು ನನ್ನ ಕೈಗೆ ಕೊಟ್ಟು ಹೊರಟ.

ನಾನು ಅದನ್ನು ಬೆಳಿಗ್ಗೆ ಅಂಕೋಲೆಗೆ ಒಯ್ದೆ. ಪುರ್ಸಣ್ಣ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಇದಕ್ಕೆ ಮಾಡು ಇಲ್ಲ, ಎತ್ತರ ಇಲ್ಲ, ಕಣ್ಣೂ ಇಲ್ಲ. ನಿಮ್ಮ ಬಾವ ಇದ್ರಲ್ಲಿ ಎಂತ ಕಂಡ್ರು ತಮಾ?"

"ವೇಗ" ಎಂದೆ.

"ಎಲ್ಲಿಗೆ ಹೋಗುಕೆ? ಮೇಲಕ್ಕಾ?"

ಆ ಥರದ ಹೊಸ ಸ್ವಿಚ್ಚು ಈ ಕಡೆ ಎಲ್ಲೂ ಸಿಗುವ ಹಾಗಿರಲಿಲ್ಲ. ಡ್ಯಾಶ್‌ಬೋರ್ಡಿನಿಂದ ಅದನ್ನು ಕಿತ್ತು ತೆಗೆಯುವುದಕ್ಕೇ ಮಧ್ಯಾಹ್ನ ದಾಟಿತು. ಆಮೇಲೆ ಪುರ್ಸಣ್ಣ ಪರದೆಯೊಳಗೆ ಹೋದ. ಬಲೆಯ ಮಂಜಿನಲ್ಲಿ ಅವನ ಬೋಳುತಲೆ, ಬಾಗಿದ ಬೆನ್ನು ಕಾಣುತ್ತಿತ್ತು. ಟಣ್ ಎಂದು ಗುಂಡು ಹಾರಿ ಪರದೆಗೆ ಬಡಿದು ಮಡಿಲಿಗೆ ಬಿತ್ತು. "ಕಂಡ್ಯಾ?" ಎಂದು ನಕ್ಕ. ದೀಪಗಳ ಪೂರ್ತಿ ಕರೆಂಟು ಆ ಪುಟ್ಟ ಸ್ವಿಚ್ಚಿನೊಳಗಿಂದಲೇ ಹೋಗುತ್ತದೆ, ಅದಕ್ಕೇ ಒಳಗಿನ ತಾಮ್ರದ ಪಟ್ಟಿ ಸುಟ್ಟಿದೆ ಎಂದು ತೋರಿಸಿದ. ಪಾಲಿಶ್ ಕಾಗದದಿಂದ ಉಜ್ಜಿ, ಪಟ್ಟಿಯನ್ನು ತುಸು ಬಗ್ಗಿಸಿ, ಮುಚ್ಚಳ ಕೂಡಿಸಿದ. ಕಾರಿಗೆ ಹಾಕಿ ತಿರುಗಿಸಿದರೆ ಕಪ್ಪೆ ಕಣ್ಣು ತೆರೆಯಿತು. ಓಣಿಯ ಕೊನೆಯ ಗೋಡೆಯವರೆಗೂ ಬೆಳಕು.

ಅಷ್ಟರಲ್ಲಿ ಹೊತ್ತು ಮುಳುಗಲು ಬಂದಿತ್ತು. "ಇಲ್ಲೇ ಉಳ್ಕೊ. ಶೇವಂತಿ ಬಂಗಡೆ ಸಾರು ಮಾಡಿದ್ಲು. ಬೆಳಿಗ್ಗೆ ಹೋಗು" ಎಂದ ಪುರ್ಸಣ್ಣ.

"ದೀಪ ಸರಿಯಾಯ್ತಲ್ಲ, ಇನ್ನೆಂತ ಹೆದರಿಕೆ?"

ಪುರ್ಸಣ್ಣ ಸಾಮಾನು ತೆಗೆದಿಡಲು ಪರದೆಯೊಳಗೆ ಬಗ್ಗಿದವನು ಹಾಗೇ ನಿಂತುಬಿಟ್ಟ. ಎದ್ದಾಗ ಅವನ ಕೈಯಲ್ಲಿ ಎಣ್ಣೆಯ ಬಾಟಲಿಯಿತ್ತು. ಮುಚ್ಚಳ ತೆರೆದೇ ಇತ್ತು. ತನ್ನ ಕಿರುಬೆರಳನ್ನು ಒಮ್ಮೆ ನೋಡಿಕೊಂಡ. ಇದನ್ನೆಲ್ಲ ನಾನು ಆಗಲೇ ಗಮನಿಸಿದ್ದೆನೋ, ನಂತರ ನಡೆದದ್ದರಿಂದ ನೆನಪು ಹಿಂದಕ್ಕೆ ಹೋಗಿ ಬರೆದುಕೊಂಡಿತೋ ಹೇಳಲಾರೆ. ಆದರೆ ನಾನು ಗಾಡಿ ಚಾಲೂ ಮಾಡಿದಾಗ ಪಕ್ಕದ ಬಾಗಿಲು ತೆರೆಯಿತು.

"ನಾನೂ ಬತ್ತೆ."

ಅಂಗಡಿಗೆ ಹಲಗೆ ಹಾಕಲಿಲ್ಲ. ಶೇವಂತಕ್ಕನಿಗೆ ಹೇಳಲಿಲ್ಲ. ನಾನು ನಕ್ಕು, "ಕತ್ತಲಾಗ್ತದೆ ಪುರ್ಸಣ್ಣ" ಎಂದೆ. "ಗೊತ್ತುಂಟು, ನಡಿ" ಎಂದ. ಎರಡೂ ಟಾರ್ಚನ್ನು ಮಡಿಲಲ್ಲಿಟ್ಟುಕೊಂಡ.

ಅವರ್ಸಾ ದಾಟುವಾಗ ಪೂರ್ತಿ ಕತ್ತಲು. ಆ ವರ್ಷಗಳಲ್ಲಿ ಹೆದ್ದಾರಿಯ ತುಂಬ ಅದಿರಿನ ಲಾರಿಗಳು. ಕೆಂಪು ದೂಳು ಅವುಗಳ ಹಿಂದಿನ ದೀಪಗಳನ್ನು ಮುಚ್ಚಿಬಿಡುತ್ತಿತ್ತು. ಆ ತಗ್ಗು ಕಾರಿನಲ್ಲಿ ಕೂತರೆ ಲಾರಿಯ ಚಕ್ರದ ನಟ್ಟುಗಳು ನಮ್ಮ ಕಿವಿಯ ಮಟ್ಟಕ್ಕೆ ತಿರುಗುತ್ತಿದ್ದವು. ಪುರ್ಸಣ್ಣ ರಸ್ತೆಯನ್ನು ನೋಡಲಿಲ್ಲ. ಸ್ವಿಚ್ಚನ್ನೇ ನೋಡುತ್ತಿದ್ದ, ನಡುನಡುವೆ ಬೆರಳಿಟ್ಟು ಬಿಸಿ ಪರೀಕ್ಷಿಸುತ್ತಿದ್ದ. ಅರ್ಗಾದ ಹತ್ತಿರ ಒಮ್ಮೆ ಮೂಗು ಹತ್ತಿರ ತಂದು ಮೂಸಿದ. ನಾನೂ ಮೂಸಿದೆ. ಕಾರಿನೊಳಗೆ ಒಗ್ಗರಣೆ ಹೊತ್ತಿದಂಥ ವಾಸನೆಯಿತ್ತು.

"ಸಾವಕಾಶ ಹೋಗು ತಮಾ" ಎಂದ.

ಬಿಣಗಾ ಘಾಟಿಯ ತಿರುವಿನಲ್ಲಿ ದೀಪ ಆರಿತು. ಮಿಣಮಿಣ ಇಲ್ಲ, ಸೂಚನೆ ಇಲ್ಲ. ಕಪ್ಪೆ ಕಣ್ಣು ತೆರೆದೇ ಕುರುಡಾಯಿತು. ಎಡಕ್ಕೆ ಕೆಳಗೆ ಸಮುದ್ರ. ಅದರ ಸದ್ದು ಒಮ್ಮೆಲೇ ಹತ್ತಿರ ಬಂತು. ಬಲಕ್ಕೆ ಗುಡ್ಡ. ಎದುರಿನ ತಿರುವಿನಾಚೆ ಲಾರಿಯೊಂದರ ಏರುದನಿ. ಬ್ರೇಕ್ ಒತ್ತಿದೆ. ರಸ್ತೆಯ ಯಾವ ಭಾಗದಲ್ಲಿ ನಿಂತಿದ್ದೇವೆಂದು ತಿಳಿಯಲಿಲ್ಲ.

ಪುರ್ಸಣ್ಣ ಎದ್ದು ನಿಂತ. ಮಾಡು ಇಲ್ಲದ ಕಾರಿನ ಸೀಟಿನ ಮೇಲೆ, ಎದುರಿನ ಗಾಜಿಗೆ ಮೊಣಕಾಲು ಕೊಟ್ಟು, ದೋಣಿಯ ಮೂತಿಯಲ್ಲಿ ನಿಂತವನ ಹಾಗೆ. ಎರಡೂ ಕೈಯಲ್ಲಿ ಟಾರ್ಚು ಎತ್ತಿ ಹಿಡಿದು ಕೂಗತೊಡಗಿದ: "ಹೋ... ಹೋಯ್! ಹೋ... ಹೋಯ್!" ಕತ್ತಲಲ್ಲಿ ದೋಣಿಯವರು ಇನ್ನೊಂದು ದೋಣಿಗೆ ಕೂಗುವ ಕೂಗು ಅದು. ಲಾರಿಯ ಬೆಳಕು ತಿರುವಿನಿಂದ ಹೊರಳಿ ನಮ್ಮ ಮೇಲೆ ಬಿತ್ತು. ಹಾರ್ನ್, ಬ್ರೇಕಿನ ಕಿರುಚಾಟ, ಬಿಸಿಗಾಳಿ, ಬಾಯಿಯ ತುಂಬ ಅದಿರಿನ ದೂಳು. ದಾಟಿ ಹೋಯಿತು. ಲಾರಿ ಡ್ರೈವರನ ಬೆಚ್ಚಿದ ಮುಖ ಇವತ್ತಿಗೂ ನನಗೆ ಕಾಣುತ್ತದೆ. ಆ ಸೀಟಿನಿಂದ ಅವನ ಮುಖ ಕಾಣಲು ಸಾಧ್ಯವೇ ಇಲ್ಲವೆಂದೂ ಗೊತ್ತು.

ಕಾರನ್ನು ಬದಿಗೆ ತಳ್ಳಿದೆವು. ಪುರ್ಸಣ್ಣ ಟಾರ್ಚನ್ನು ಹಲ್ಲಲ್ಲಿ ಕಚ್ಚಿ, ಸ್ವಿಚ್ಚನ್ನು ಕಿತ್ತು ನನ್ನ ಕೈಗೆ ಕೊಟ್ಟು, ಅದರ ಹಿಂದಿನ ಎರಡು ವೈರುಗಳನ್ನು ನೇರ ಹೊಸೆದ. ಬೆಳಕು ಬಂತು. ಆ ಗಂಟು ಬೇರೆಲ್ಲೂ ತಾಗಬಾರದೆಂದು ಅದನ್ನು ಟವೆಲಿನಲ್ಲಿ ಸುತ್ತಿ, ಕಾರವಾರ ಮುಟ್ಟುವವರೆಗೂ ಹಕ್ಕಿಯ ಮರಿಯಂತೆ ಎರಡೂ ಕೈಯಲ್ಲಿ ಹಿಡಿದು ಕೂತ.

"ಸ್ವಿಚ್ಚಿನ ಪಟ್ಟಿಗೂ ಎಣ್ಣೆ ಹಾಕಿದ್ದೆ ತಮಾ" ಎಂದ. "ಬೆರಳು ಅದರಷ್ಟಕ್ಕೇ ಹೋಗ್ತದೆ."

ಅವತ್ತು ಕಾರವಾರದ ನನ್ನ ಕೋಣೆಯಲ್ಲಿ ದೀಪ ಆರಿಸದೆ ಮಲಗಿದ. ಪಕ್ಕದ ಮನೆಯ ಫೋನಿನಿಂದ ಶೇವಂತಕ್ಕನಿಗೆ ಹೇಳಿಸಿದ್ದೆವು. ಅವಳು ಮೊದಲು ನಂಬಲೇ ಇಲ್ಲವಂತೆ. ಮುಂದಿನ ವಾರ ಹಗಲಿನಲ್ಲೇ ಬಂದು, ಲಾರಿಯದೊಂದು ಸ್ವಿಚ್ಚು ಕೂಡಿಸಿ, ದೀಪದ ಕರೆಂಟು ಅದರೊಳಗಿಂದ ಹೋಗದಂತೆ ರಿಲೇ ಹಾಕಿದ. ಆ ದೀಪ ಮತ್ತೆ ಆರಲಿಲ್ಲ. ಬಾವ ಬಂದ ಮೇಲೆ ಅಕ್ಕ ಆ ಕಾರನ್ನು ಹತ್ತಲೂ ಇಲ್ಲ.

ಕೊನೆಯ ಬಾರಿ ಅವನನ್ನು ಕಂಡದ್ದು ಅದೇ ಪರದೆಯೊಳಗೆ. ಬಹಳ ಕೃಶವಾಗಿದ್ದ. ಬಿಡದೆ ಕೇಳಿದೆ: "ಎಣ್ಣೆ ಹಾಕಿದ್ದು ಅವತ್ತು ಅಂಗಡಿಯಲ್ಲೇ ನೆನಪಾಗಿತ್ತು, ಅಲ್ಲಾ? ಹೋಗ್ಬೇಡ ಅನ್ನಬಹುದಿತ್ತು. ಮತ್ತೆ ಬಿಚ್ಚಬಹುದಿತ್ತು. ಹತ್ತಿದ್ದು ಎಂತಕ್ಕೆ?"

ಅವನು ತಲೆ ಎತ್ತಲಿಲ್ಲ. "ಹೇಳುಕೆ ನಾಚ್ಕೆ ಆಯ್ತು. ಒಬ್ಬನೇ ಬಿಡುಕೆ ಹೆದರಿಕೆ ಆಯ್ತು. ಹತ್ತಿದೆ."

ಮಳೆಗಾಲ ಮುಗಿಯುವಾಗ ಅವನು ಹೋದ ಸುದ್ದಿ ಬಂತು. ಅಂಗಡಿಯಲ್ಲಿ ಈಗ ಮೊಬೈಲ್ ರಿಚಾರ್ಜ್ ಮಾಡುತ್ತಾರೆ.

ಅವನು ಕಿತ್ತು ಕೊಟ್ಟ ಸ್ವಿಚ್ಚು ನನ್ನ ಡ್ರಾಯರಿನಲ್ಲಿ ಉಳಿದಿತ್ತು. ನನ್ನ ನೆನಪಿನ ಮೇಲೆ ನನಗೆ ಭರವಸೆಯಿಲ್ಲ. ಎಣ್ಣೆಯ ಮಾತಾದರೂ ನಿಜವೇ ಎಂದು ನೋಡಲು, ಸುದ್ದಿ ಬಂದ ವಾರದಲ್ಲೇ ಒಂದು ಸಂಜೆ ಅದನ್ನು ಮೇಜಿನ ಮೇಲಿಟ್ಟು ಮುಚ್ಚಳ ಮೀಟಿ ತೆಗೆದೆ. ಒಳಗೆ ಕರ‍್ರಗೆ ಅಂಟಂಟು ಮಸಿ. ಮೂಸಲು ಬಗ್ಗುವಷ್ಟರಲ್ಲಿ ಟಣ್ ಎಂದಿತು. ಗುಂಡು ನೆಲಕ್ಕೆ ಬಿದ್ದು, ಪುಟಿದು, ಉರುಳುತ್ತ ಹೋದ ಸದ್ದು ಕೇಳಿತು. ಮೊಣಕಾಲೂರಿ ಮಂಚದಡಿ, ಕಪಾಟಿನಡಿ ಎಲ್ಲ ಹುಡುಕಿದೆ. ಕತ್ತಲಾಗುತ್ತ ಬಂದಿತ್ತು. ನಾನು ರಾತ್ರಿ ಕಟ್ಟಿಕೊಳ್ಳುವ ಸೊಳ್ಳೆಪರದೆ ಗೋಡೆಯ ಮೊಳೆಯಲ್ಲೇ ತೂಗುತ್ತಿತ್ತು.