ಫ್ಯಾಮಿಲಿ ರೂಮಿನ ಎರಡನೆಯ ಚಮಚ

ನಾನು ತಿಂಡಿಪೋತಿ. ಹಾಗೆಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ, ಆಗ ಇತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಮಣಿಪಾಲದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ವಾರವಿಡೀ ಹೆಂಗಸರ ಹಾಸ್ಟೆಲಿನ ನೀರುಸಾರು. ಶನಿವಾರ ಅರ್ಧ ದಿನದ ಕೆಲಸ ಮುಗಿದ ಕೂಡಲೇ ಕಾಪುವಿನ ಮನೆಗೆ ಹೊರಡುತ್ತಿದ್ದೆ. ಉಡುಪಿಯಲ್ಲಿ ಬಸ್ಸು ಬದಲಿಸಬೇಕಿತ್ತು. ನನ್ನ ಬದುಕಿನ ಸುಖವೆಲ್ಲ ಆ ಬಸ್ಸು ಬದಲಿಸುವ ಒಂದು ಗಂಟೆಯಲ್ಲಿತ್ತು ಎಂದರೆ ನಗಬೇಡಿ.

ಬೊಂಬಾಯಿ ಕಂಡವರಿಗೆ ಉಡುಪಿ ಎಂಥ ದೊಡ್ಡ ಪೇಟೆ? ಆದರೆ ನನಗೆ ಅದೇ ಬೊಂಬಾಯಿ. ನಿಜವಾದ ಬೊಂಬಾಯಿಯನ್ನು ಕಂಡವರು ನಮ್ಮ ಅಪ್ಪ. ಅಲ್ಲಿನ ಹೋಟೆಲೊಂದರ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ದೋಸೆ ಹೊಯ್ದು ಊರಿಗೆ ಮರಳಿದ್ದರು. "ಹೋಟೆಲಿನ ಹಿಂಬಾಗಿಲು ಮಾತ್ರ ನನಗೆ ಗೊತ್ತು" ಎನ್ನುತ್ತಿದ್ದರು. ಗಿರಾಕಿಯಾಗಿ ಕುಳಿತು ಒಂದು ಇಡ್ಲಿ ತಿಂದವರಲ್ಲ. ಅಮ್ಮ ತೀರಿಹೋದ ಮೇಲೆ ಮನೆಯಲ್ಲಿ ಅವರದ್ದೇ ಅಡುಗೆ. ಶನಿವಾರ ನನಗೆಂದು ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ಮಾಡಿಟ್ಟು ಕಾಯುತ್ತಿದ್ದರು. ಉಡುಪಿಯಲ್ಲಿ ತಿಂದು ಬಂದೆ ಎಂದು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಕಂಠಪೂರ್ತಿ ತಿಂದ ಹೊಟ್ಟೆಗೆ ಮತ್ತೆ ಗಂಜಿ ಸುರಿದುಕೊಂಡು ರಾತ್ರಿಯೆಲ್ಲ ಹೊರಳಾಡುತ್ತಿದ್ದೆ.

ಉಡುಪಿಯಲ್ಲಿ ನಾನು ಹೋಗುತ್ತಿದ್ದ ಹೋಟೆಲಿನ ಹಾಲ್‌ನಲ್ಲಿ ಬರೀ ಗಂಡಸರು. ಹೆಂಗಸೊಬ್ಬಳು ಒಳಗೆ ಕಾಲಿಟ್ಟರೆ ಬಾಯಿಗೆ ಹೋಗುವ ಕೈಗಳೂ ಅರ್ಧದಲ್ಲಿ ನಿಲ್ಲುತ್ತಿದ್ದವು. ಪಕ್ಕದಲ್ಲಿ ಪ್ಲೈವುಡ್ ಗೋಡೆಗಳ ನಾಲ್ಕು ಸಣ್ಣ ಕೋಣೆಗಳು, ಅವಕ್ಕೆ ಹಸಿರು ಪರದೆ, ಮೇಲೆ "ಫ್ಯಾಮಿಲಿ ರೂಮ್" ಎಂಬ ಬೋರ್ಡು. ಮೊದಲ ಸಲ ಹೋದಾಗ ಗಲ್ಲೆಯಲ್ಲಿ ಕುಳಿತಿದ್ದ ಧಣಿ ಕೇಳಿದರು, "ಎಷ್ಟು ಜನ?"

"ಒಬ್ಬಳೇ."

"ಅದು ಫ್ಯಾಮಿಲಿಯವರಿಗೆ ಅಲ್ವಾ ಅಮ್ಮಾ?"

ಒಳಗಿನಿಂದ ತುಪ್ಪದಲ್ಲಿ ದೋಸೆ ಕಾಯುವ ಪರಿಮಳ ಬರುತ್ತಿತ್ತು. ಹಿಂದೆ ಹೋಗುವುದು ನನ್ನಿಂದ ಸಾಧ್ಯವಿರಲಿಲ್ಲ. "ಅಲ್ಲ, ಇಬ್ಬರು. ಅವರು ಈಗ ಬರ್ತಾರೆ" ಎಂದುಬಿಟ್ಟೆ. ನಮ್ಮ ಕಡೆ ಹೆಂಗಸು ಗಂಡನನ್ನು ಹೆಸರು ಹಿಡಿದು ಹೇಳುವುದಿಲ್ಲ. "ಅವರು" ಎಂದರೆ ಮುಗಿಯಿತು, ಮುಂದೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಧಣಿ ಪರದೆಯ ಕಡೆ ಕೈ ತೋರಿಸಿದರು.

ಹೀಗೆ ನನಗೊಬ್ಬ ಗಂಡ ಹುಟ್ಟಿಕೊಂಡ. ಸಪ್ಲಾಯರ್ ಕೆಮ್ಮಣ್ಣು ಊರಿನ ಕಡೆಯವರು, ತಲೆ ನರೆತ ಮನುಷ್ಯ. ಪ್ರತಿ ಶನಿವಾರ ಎರಡು ಲೋಟ ನೀರು ತಂದಿಟ್ಟು "ಇವತ್ತೂ ಬಸ್ಸು ತಡವಾ ಅಕ್ಕಾ?" ಎಂದು ಕನಿಕರದಿಂದ ಕೇಳುತ್ತಿದ್ದರು. "ಹೌದು, ಎಂತ ಮಾಡುವುದು" ಎಂದು ನಾನೂ ಮುಖ ಸಣ್ಣ ಮಾಡುತ್ತಿದ್ದೆ. ಆಮೇಲೆ ಶುರು. ಮೊದಲು ಗೋಳಿಬಜೆ, ಆಮೇಲೆ ಮಸಾಲೆದೋಸೆ, ಕೊನೆಗೆ ಗಡ್‌ಬಡ್. ಉದ್ದದ ಗಾಜಿನ ಲೋಟದಲ್ಲಿ ಮೂರು ಬಣ್ಣದ ಐಸ್‌ಕ್ರೀಂ, ನಡುವೆ ಹಣ್ಣು, ಜೆಲ್ಲಿ, ಗೋಡಂಬಿ. ಅದರ ಜೊತೆ ಯಾವಾಗಲೂ ಎರಡು ಚಮಚ. ಒಂದು ನನಗೆ, ಒಂದು ಬಾರದವನಿಗೆ.

ಪಕ್ಕದ ಕೋಣೆಗಳಿಂದ ಮಕ್ಕಳ ಗಲಾಟೆ, ಗಂಡ ಹೆಂಡಿರ ಸಣ್ಣ ಜಗಳ ಕೇಳುತ್ತಿತ್ತು. "ನಿಮ್ಮ ಅಂಗಿಗೆ ಸಾಂಬಾರು ಚೆಲ್ಲಿದ್ದೀರಿ ನೋಡಿ" ಎಂದು ಯಾವಳೋ ಬಯ್ದರೆ, ಅಯ್ಯೋ, ಬಯ್ಯಲಿಕ್ಕಾದರೂ ಒಬ್ಬ ಬೇಕಿತ್ತಲ್ಲ ಎಂದು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ವಯಸ್ಸು ಮೂವತ್ತೆರಡು. ಸಂಬಂಧಗಳು ಬರುವುದು ನಿಂತು ಮೂರು ವರ್ಷವಾಗಿತ್ತು. ಅಳುತ್ತಿದ್ದೆ ಎಂದೇನಲ್ಲ, ಬಾಯಿ ತುಂಬ ಐಸ್‌ಕ್ರೀಂ ಇದ್ದಾಗ ಅಳುವುದು ಕಷ್ಟ. ಆದರೆ ಬಸ್ಸು ಕಟಪಾಡಿ ದಾಟುವ ಹೊತ್ತಿಗೆ ಹೊಟ್ಟೆ ಭಾರ, ಎದೆ ಖಾಲಿ. ಇನ್ನು ಹೋಗುವುದಿಲ್ಲ ಎಂದು ಪ್ರತಿ ಸಲ ಆಣೆ ಹಾಕುತ್ತಿದ್ದೆ. ಮುಂದಿನ ಶನಿವಾರ ಮತ್ತೆ ಹಸಿರು ಪರದೆಯ ಹಿಂದೆಯೇ ಇರುತ್ತಿದ್ದೆ.

ಒಂದು ಶನಿವಾರ ಕಾರ್ಕಳದ ಚಿಕ್ಕಮ್ಮ ಸೀರೆ ಕೊಳ್ಳಲು ಉಡುಪಿಗೆ ಬಂದವರು ಪಕ್ಕದ ಕೋಣೆಯಲ್ಲೇ ಕುಳಿತಿದ್ದರಂತೆ. ಇದು ನನಗೆ ಗೊತ್ತಾದದ್ದು ಆಮೇಲೆ. ಪ್ಲೈವುಡ್ಡಿನ ಆಚೆಯಿಂದ ನನ್ನ ದನಿಯಲ್ಲಿ "ಅವರು ಬರ್ತಾರೆ" ಎಂದು ಕೇಳಿದರೆ ಅವರು ಸುಮ್ಮನಿರುವ ಜನವಾ? ಪರದೆ ಸರಿಸಿ ನೋಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನೋಡಲಿಲ್ಲ. ವಾರದ ನಡುವೆ ಕಾಪುವಿಗೆ ಬಂದು, "ನಿಮ್ಮ ಮಗಳು ಫ್ಯಾಮಿಲಿ ರೂಮಿನಲ್ಲಿ ಯಾರೊಟ್ಟಿಗೋ ಕೂತುಕೊಳ್ಳುತ್ತಾಳೆ" ಎಂದು ಅಪ್ಪನ ಕಿವಿಗೆ ಹಾಕಿಯೇ ಹೋದರು.

ಮುಂದಿನ ಶನಿವಾರ. ಗಡ್‌ಬಡ್ ಆಗಷ್ಟೇ ಬಂದಿತ್ತು. ಪರದೆ ಸರಿಯಿತು. ಬಂದು ನಿಂತವರು ಅಪ್ಪ.

ಇನ್ನು ಹಾಲ್‌ನಲ್ಲಿರುವ ಗಂಡಸರೆಲ್ಲ ಕೇಳುವ ಹಾಗೆ ಬಯ್ಯುತ್ತಾರೆ, ನನ್ನ ಶನಿವಾರವೂ ಹೋಯಿತು, ಮಾನವೂ ಹೋಯಿತು ಎಂದುಕೊಂಡೆ. ಅಪ್ಪ ಬಯ್ಯಲಿಲ್ಲ. ಎದುರಿನ ಖಾಲಿ ಕುರ್ಚಿಯನ್ನು ನೋಡಿದರು, ಎರಡು ಚಮಚಗಳನ್ನು ನೋಡಿದರು. ಆ ಕುರ್ಚಿಯಲ್ಲಿ ಕೂರದೆ ನನ್ನ ಪಕ್ಕಕ್ಕೆ ಬಂದು ಕುಳಿತರು. ಆಗ ಗಮನಿಸಿದೆ: ಮದುವೆಗಳಿಗೆ ಮಾತ್ರ ಹಾಕುವ ಇಸ್ತ್ರಿಯ ಬಿಳಿ ಅಂಗಿ ತೊಟ್ಟಿದ್ದರು.

"ಬರಲಿಲ್ಲವಾ ಇನ್ನೂ?" ಎಂದರು ಮೆಲ್ಲಗೆ.

"ಯಾರು?"

"ನಾನು ಬಯ್ಯಲಿಕ್ಕೆ ಬಂದದ್ದಲ್ಲ ಮಾರಾಯ್ತಿ. ನಿನ್ನ ಮಾವನ ಕಿವಿಗೆ ಬಿದ್ದರೆ ಗಲಾಟೆ ಉಂಟು. ಅದಕ್ಕೆ ಮೊದಲು ನಾನೇ ನೋಡಿ ಮಾತಾಡುವ ಅಂತ. ಯಾವ ಜಾತಿ ಅಂತಲೂ ಕೇಳುವುದಿಲ್ಲ."

ನಮ್ಮದು ಅಳಿಯಕಟ್ಟಿನ ಮನೆ. ಹೆಣ್ಣು ಕೊಡುವ ಮಾತು ಸೋದರಮಾವನದ್ದು; ಅಪ್ಪನಿಗೆ ಅಲ್ಲಿ ಬಾಯಿಯಿಲ್ಲ. ಅಂಥ ಅಪ್ಪ ಮಾವನಿಗೆ ಹೇಳದೆ ಒಬ್ಬರೇ ಬಸ್ಸು ಹತ್ತಿ ಬಂದಿದ್ದರು. ಜೇಬಿನಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಐದು ವೀಳ್ಯದೆಲೆ, ಒಂದು ಅಡಿಕೆ. ಸಂಬಂಧದ ಮಾತಿಗೆ ಬರಿಗೈಯಲ್ಲಿ ಕೂರಬಾರದಲ್ಲ.

"ಯಾರೂ ಇಲ್ಲ ಅಪ್ಪಾ" ಎಂದೆ.

"ಸುಳ್ಳು ಹೇಳಬೇಡ. ತಲೆ ಎಷ್ಟೋ ಚಮಚ ಅಷ್ಟು. ಇಪ್ಪತ್ತು ವರ್ಷ ಹೋಟೆಲಿನಲ್ಲಿ ನಾನು ಎಂತ ಮಾಡಿದ್ದು?"

ಕಾದರು. ಪರದೆಯ ಆಚೆ ಹೆಜ್ಜೆ ಸದ್ದಾದಾಗಲೆಲ್ಲ ಅಂಗಿಯ ಕಾಲರ್ ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದರು. ಹೆಜ್ಜೆ ಮುಂದೆ ಹೋದಾಗ ಬೆನ್ನು ಮತ್ತೆ ಬಾಗುತ್ತಿತ್ತು. ಐಸ್‌ಕ್ರೀಂ ಕರಗಿ ಲೋಟದ ಅಂಚಿಗೆ ಬಂತು. "ತಿನ್ನಿ ಅಪ್ಪಾ" ಎಂದರೆ, "ಛೆ, ಅವನ ಪಾಲು" ಎಂದರು. ಅದನ್ನು ನನ್ನಿಂದ ತಡೆಯಲಾಗಲಿಲ್ಲ.

"ಒಬ್ಬಳೇ ಎಂದರೆ ಒಳಗೆ ಬಿಡುವುದಿಲ್ಲ ಅಪ್ಪಾ. ಅದಕ್ಕೆ ಇಬ್ಬರು ಎಂದು ಹೇಳಿದ್ದು. ಎರಡು ವರ್ಷದಿಂದ ಹೇಳುತ್ತಿದ್ದೇನೆ. ದೇವರಾಣೆ, ಯಾರೂ ಬರುವುದಿಲ್ಲ."

ಅಪ್ಪ ನನ್ನ ಮುಖವನ್ನೇ ನೋಡಿದರು. ಈ ಸಲ ನಂಬಿದರು ಎಂದು ಗೊತ್ತಾಯಿತು. ನಂಬದೇ ಇದ್ದಿದ್ದರೇ ಒಳ್ಳೆಯದಿತ್ತು.

"ಯಾರೂ ಇಲ್ವಾ?"

"ಇಲ್ಲ."

"ಒಬ್ಬ ಇದ್ದಿದ್ದರೆ ಒಳ್ಳೇದಿತ್ತು ಮಗಾ" ಎಂದರು. ಬಸ್ಸಿನಲ್ಲಿ ದಾರಿಯಿಡೀ ಅದನ್ನೇ ಬೇಡಿಕೊಂಡು ಬಂದಿದ್ದರೋ ಏನೋ.

ಪೊಟ್ಟಣವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಎರಡನೆಯ ಚಮಚವನ್ನು ಎತ್ತಿಕೊಂಡು, ಎದ್ದು ಹೋಗಿ ಎದುರಿನ ಕುರ್ಚಿಯಲ್ಲಿ ಕುಳಿತರು. ಒಂದೇ ಲೋಟದಿಂದ ಇಬ್ಬರೂ ತಿಂದೆವು. ತಂಪಿಗೆ ಅವರ ಹಲ್ಲು ಜುಮ್ಮೆಂದು ಕೆನ್ನೆ ಹಿಡಿದುಕೊಂಡರು, ಆದರೂ ಚಮಚ ಕೆಳಗಿಡಲಿಲ್ಲ. ತಳದ ಜೆಲ್ಲಿಯನ್ನು ನನ್ನ ಕಡೆ ತಳ್ಳಿದರು.

ಹೊರಡುವಾಗ ಗಲ್ಲೆಯ ಧಣಿ ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಓಹೋ, ಇಷ್ಟು ದಿನ ಬರ್ತಾರೆ ಬರ್ತಾರೆ ಅಂತ ಇದ್ದದ್ದು ಇವರೇಯಾ?" ಎಂದು ನಕ್ಕರು. ನಾನು ತಲೆ ತಗ್ಗಿಸಿದೆ.

ಜನ್ಮದಲ್ಲಿ ಮೊದಲ ಸಲ ಹೋಟೆಲಿನ ಮುಂಬಾಗಿಲಿನಲ್ಲಿ ನಿಂತಿದ್ದ ನಮ್ಮ ಅಪ್ಪ ಹೇಳಿದರು, "ಹೌದು, ನಾನೇ. ಬಸ್ಸು ಯಾವಾಗಲೂ ತಡ ಮಾರಾಯ್ರೆ."