ಒಂಬೈನೂರಕ್ಕೆ ನಿಂತ ಮುಳ್ಳು

ತುಮಕೂರು ರಸ್ತೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ವರ್ಷ. ಪೀಣ್ಯದ ನಮ್ಮ ಶೆಡ್ಡಿನಲ್ಲಿ, ಸ್ಪೀಕರಿನೊಳಗಿನ ಬಿಲ್ಲೆಗಳನ್ನು ಅಯಸ್ಕಾಂತ ಮಾಡುವ ಯಂತ್ರವೊಂದು ತಯಾರಾಗಿ ನಿಂತಿತ್ತು. ಅದರ ಕೆಪಾಸಿಟರುಗಳಿಗೆ ಎರಡು ಸಾವಿರ ವೋಲ್ಟ್ ತುಂಬಬೇಕು. ಆಯುಧಪೂಜೆಯ ರಜೆ ಮುಗಿಸಿ ಬಂದು ಸ್ವಿಚ್ ಹಾಕಿದರೆ ಮೀಟರಿನ ಮುಳ್ಳು ಒಂಬೈನೂರಕ್ಕೆ ನಿಂತುಬಿಟ್ಟಿತು.

ಟೆಸ್ಟಿಂಗ್ ನನ್ನ ಜವಾಬ್ದಾರಿ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮನೆಗೆ ವಾಪಸ್ ಹೋಗಿ ನೋಡುವವನನ್ನು ಈ ಕೆಲಸಕ್ಕೆ ಇಟ್ಟುಕೊಂಡವರ ಧೈರ್ಯ ದೊಡ್ಡದು. ಕೆಪಾಸಿಟರಿಗೆ ಅರ್ಥ್ ಕೋಲು ಮುಟ್ಟಿಸಿ ಒಳಗುಳಿದ ಕರೆಂಟನ್ನು ನೆಲಕ್ಕಿಳಿಸಲು ಒಂದು ಸಲ ಸಾಕು. ನಾನು ನಾಲ್ಕು ಸಲ ಮುಟ್ಟಿಸುತ್ತಿದ್ದೆ. ಆಮೇಲೂ ಕೆಪಾಸಿಟರಿನ ಪೆಟ್ಟಿಗೆಯ ಹತ್ತಿರ ಹೋಗಲು ಮನಸ್ಸಾಗದೆ, ದೂರದಿಂದಲೇ, ಟ್ರಾನ್ಸ್‌ಫಾರ್ಮರ್ ವೈಂಡಿಂಗ್ ಸರಿಯಿಲ್ಲ ಎಂದು ಮಾಲೀಕರಿಗೆ ಹೇಳಿಬಿಟ್ಟೆ.

ವೈಂಡಿಂಗಿನ ತಂತಿ ಸುರುಳಿ ಸುತ್ತುತ್ತಿದ್ದವರು ಗದಗದ ಕಡೆಯ ಹೆಂಗಸು, ನನ್ನದೇ ವಯಸ್ಸು. ಎರಡು ದಿನ ಕೂತು ಹೊಸದಾಗಿ ಸುತ್ತಿಕೊಟ್ಟರು. ಮುಳ್ಳು ಮತ್ತೆ ಒಂಬೈನೂರು.

"ಇದೂ ಹಂಗೇನಾ? ಸಾಕು ಕಣ್ರೀ, ನಾಳೆಯಿಂದ ಬರ್ಬೇಡಿ ಅಂದ್ಬಿಡಿ ಅವ್ರಿಗೆ" ಎಂದರು ಮಾಲೀಕರು.

ಹೋಗಿ ಹೇಳಿದೆ. ಆಕೆ ತಲೆ ಎತ್ತಲಿಲ್ಲ. "ನಾ ಸುತ್ತಿದ್ದು ಬರೊಬ್ಬರಿ ಐತ್ರಿ ಸರ. ಆ ಪೆಟಿಗಿ ಹತ್ರ ನೀವು ಒಮ್ಮೆರ ಹೋಗಿ ನೋಡೀರೇನ್ರಿ?"

ನೋಡಿರಲಿಲ್ಲ. ಹೋದೆ. ಕೋಲನ್ನು ಆರು ಸಲ ಮುಟ್ಟಿಸಿದೆ. ಟ್ರಾನ್ಸ್‌ಫಾರ್ಮರ್ ಕಡೆಯಿಂದ ಬರುವ ತಂತಿ ಒಂದು ಪಿಂಗಾಣಿ ಗೂಟದ ಮೇಲೆ ಕೂರುತ್ತದೆ. ಅಲ್ಲಿಂದ ಅದನ್ನು ಕಳಚಿ, ದೂರ ನಿಂತು ಸ್ವಿಚ್ ಹಾಕಿದೆ. ಮೀಟರ್ ಇರುವುದು ಟ್ರಾನ್ಸ್‌ಫಾರ್ಮರ್ ಕಡೆಗೇ; ಮುಳ್ಳು ಸಲೀಸಾಗಿ ಎರಡು ಸಾವಿರಕ್ಕೆ ಹೋಯಿತು. ವೈಂಡಿಂಗ್ ಸರಿಯಾಗಿಯೇ ಇತ್ತು.

ಬಗ್ಗಿ ಪಿಂಗಾಣಿಯನ್ನು ನೋಡಿದೆ. ಮೇಲಿನಿಂದ ಕೆಳಗಿನ ಕಬ್ಬಿಣದ ತನಕ ಅರಿಶಿನ ಕುಂಕುಮದ ಗೆರೆ ಇಳಿದಿತ್ತು. ಜಿಟಿಜಿಟಿ ಹವೆಗೆ ತೇವ ಹಿಡಿದು, ನಡುವೆ ಸುಟ್ಟು ಕಪ್ಪಾಗಿತ್ತು. ಕರೆಂಟು ಅದರ ಮೇಲೆಯೇ ಸೋರಿಹೋಗುತ್ತಿತ್ತು. ಹಚ್ಚಿದವನು ನಾನೇ. ಪೂಜೆಯ ದಿನ ಉಳಿದ ಯಂತ್ರಗಳಿಗೆ ಒಂದೊಂದು ಬೊಟ್ಟು. ಎಲ್ಲಕ್ಕಿಂತ ಭಯವಿದ್ದ ಈ ಜಾಗಕ್ಕೆ ಮಾತ್ರ ನೀರಲ್ಲಿ ಕಲಸಿ ಧಾರಾಳವಾಗಿ ಬಳಿದಿದ್ದೆ.

ಸ್ಪಿರಿಟ್ ಹಾಕಿ ಒರೆಸಿ ತಂತಿ ಸಿಕ್ಕಿಸಿದೆ. ಕೆಪಾಸಿಟರು ಎರಡು ಸಾವಿರಕ್ಕೆ ತುಂಬಿತು. ನಾಚಿಕೆಯಾಗಬೇಕಿತ್ತು, ಇಲ್ಲವೇ ಸಮಾಧಾನವಾದರೂ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟ ದವಡೆಯ ಹಾಗೆ ಇದ್ದೆ.

ಮಾಲೀಕರ ಹತ್ತಿರ ಹೋಗಿ ಹೇಳಿದೆ: "ವೈಂಡಿಂಗ್ ಸರಿ ಇದೆ ಸಾರ್. ತಪ್ಪು ನಂದು. ಕುಂಕುಮ ಜಾಸ್ತಿ ಆಗಿತ್ತು."

"ಮುಂದಿನ ವರ್ಷ ನೀವು ಬರೀ ಕಡ್ಲೆಪುರಿ ಹಂಚಿ, ಸಾಕು" ಎಂದರು ಅವರು.

ವಾಪಸ್ ಬಂದಾಗ ಆಕೆ ಟಿಫಿನ್ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ನಿಂತಿದ್ದರು.

"ನಾಳಿಗೆ ಬರ್ಲೋ ಬ್ಯಾಡೋ, ಹೇಳ್ರಿ ಸರ."

"ಬನ್ನಿ" ಎಂದೆ. ಆಕೆ ಡಬ್ಬಿಯನ್ನು ಹೊರತೆಗೆದು ಬೆಂಚಿನ ಮೇಲೆ ಅದರ ಜಾಗದಲ್ಲಿಟ್ಟು, ಸುರುಳಿಯಲ್ಲಿ ತಂತಿಯ ತುದಿ ಹುಡುಕತೊಡಗಿದರು.